ಹಿಂದೆ ಇನ್ನೊಂದು ಬಸ್ಸಿದೆ

ಶಿರಸಿಯ ಬಸ್ ನಿಲ್ದಾಣದಲ್ಲಿ ಹೋದ ತಿಂಗಳಿನಿಂದ ಬಸ್ಸುಗಳ ಹೆಸರನ್ನು ಯಂತ್ರ ಕೂಗುತ್ತಿದೆ. ಮೊದಲೇ ಮುದ್ರಿಸಿಟ್ಟ ಹೆಣ್ಣು ದನಿ. ಉಚ್ಚಾರ ಸ್ಪಷ್ಟ, ತಪ್ಪು ಹುಡುಕುವಂತಿಲ್ಲ. ಆದರೆ ಆ ದನಿ ಕೂಗುವ ಮೊದಲು ಕೆಮ್ಮುವುದಿಲ್ಲ. ಮೈಕಿನ ತಲೆಗೆ ಬೆರಳಿನಿಂದ ಎರಡು ಸಲ ಕುಟ್ಟುವುದಿಲ್ಲ. ‘ವಾನಳ್ಳಿ ಕಡೆಯವರು ಚಾ ಮುಗಿಸಿ ಬೇಗ ಬನ್ನಿ, ಡ್ರೈವರ್ರು ಮುಗಿಸಿ ಆಯ್ತು’ ಎಂದು ಹೇಳುವುದಿಲ್ಲ. ಇದನ್ನೆಲ್ಲ ಹೇಳುತ್ತಿದ್ದ ಕಂಟ್ರೋಲರ್ ನಿವೃತ್ತರಾದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಗುರುತು ಹಿಡಿಯುವವರು ಕಡಿಮೆ. ಶಿರಸಿಗೆ ಬಂದು ಬಸ್ಸು ಬದಲಿಸುವ ಸಿದ್ದಾಪುರದವರಿಗೆ, ಯಲ್ಲಾಪುರದವರಿಗೆ, ನಮ್ಮ ದಾಸನಕೊಪ್ಪದವರಿಗೆ ಅವರು ಬರೀ ಕಂಟ್ರೋಲರ್. ನಿಲ್ದಾಣದ ನಡುವಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವಾಗ ಹೊರಡಬೇಕು ಎಂದು ನೋಡಿಕೊಂಡು, ಕಂಡಕ್ಟರು ತಂದ ಹಾಳೆಗೆ ಸಹಿ ಹಾಕಿ, ಬಸ್ಸಿನ ಮೈಗೆ ಅಂಗೈಯಿಂದ ಎರಡು ಪೆಟ್ಟು ಕೊಟ್ಟು ‘ಹೋಗ್ಲಿ’ ಎನ್ನುವುದು ಅವರ ಕೆಲಸ. ಸಹಿ ಹಾಕಿದರೆ ಸಾಕು, ಬಸ್ಸಿಗೆ ಹೊಡೆಯಬೇಕೆಂದು ಯಾವ ನಿಯಮವೂ ಇಲ್ಲ. ಅವರು ಮಾತ್ರ ಎತ್ತಿಗೆ ಬೆನ್ನು ತಟ್ಟಿದ ಹಾಗೆ ಪ್ರತಿ ಬಸ್ಸಿಗೂ ತಟ್ಟಿಯೇ ಕಳಿಸುತ್ತಿದ್ದರು.

ನನ್ನ ಅಪ್ಪ ಶಿರಸಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಮ್ಮ ಮನೆಯಲ್ಲಿ, ಅಪ್ಪನ ಕಡೆ, ಅವ್ವನ ಕಡೆ ಎಲ್ಲ ಸೇರಿಸಿದರೂ, ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತ, ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮಾಡಿದೆ. ಪರೀಕ್ಷಾ ಕೇಂದ್ರ ಸಿದ್ದಾಪುರ. ದಾಸನಕೊಪ್ಪದಿಂದ ಶಿರಸಿ, ಶಿರಸಿಯಿಂದ ಸಿದ್ದಾಪುರ. ಕೊನೆಯ ಪರೀಕ್ಷೆಯ ದಿನ ನಮ್ಮ ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತು. ನಾನು ಅಳುತ್ತ ಶಿರಸಿಗೆ ಬಂದು ಇಳಿಯುವಾಗ ಸಿದ್ದಾಪುರದ ಬಸ್ಸು ಹೊರಡುವ ಹೊತ್ತು ಮೀರಿ ಹೋಗಿತ್ತು. ನೋಡಿದರೆ ಬಸ್ಸು ನಿಂತಿದೆ. ಒಳಗಿನ ಜನ ಬಯ್ಯುತ್ತಿದ್ದಾರೆ. ಡ್ರೈವರು ಕಂಟ್ರೋಲರ್ ಎದುರು ನಿಂತು ಜಗಳ ತೆಗೆದಿದ್ದಾನೆ.

“ಸಾಹೇಬ್ರೆ, ಇಷ್ಟೊತ್ತು ಲೇಟು ಮಾಡಿದ್ರೆ ಮೆಮೋ ಯಾರಿಗೆ ಬರ್ತದೆ?”

“ಮೆಮೋ ನಂಗೆ ಬರ್ಲಿ ಮಾರಾಯ. ಪಾಸ್ ಅವಳಿಗೆ ಬರ್ಲಿ. ಹತ್ತು ತಂಗಿ, ಓಡು.”

ದಾಸನಕೊಪ್ಪದ ಬಸ್ಸು ದಾರಿಯಲ್ಲಿ ನಿಂತಿದೆಯೆಂದು ಅವರಿಗೆ ಫೋನು ಬಂದಿತ್ತು. ಪರೀಕ್ಷೆಯ ಸಮಯ, ಅದರಲ್ಲಿ ಯಾರಾದರೂ ಓದುವವರು ಇದ್ದೇ ಇರುತ್ತಾರೆ ಎಂದು ಅವರೇ ಲೆಕ್ಕ ಹಾಕಿಕೊಂಡಿದ್ದರು. ನನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಪಾಸಾದ ಮೇಲೆ ಪೇಡೆ ತೆಗೆದುಕೊಂಡು ಹೋದೆ. ಅರ್ಧ ತಿಂದು, ಇನ್ನರ್ಧವನ್ನು ಅವತ್ತು ಜಗಳ ತೆಗೆದಿದ್ದ ಡ್ರೈವರನ ಬಾಯಿಗೆ ತುರುಕಿದರು.

ಮುಂದೆ ನನಗೆ ಶಿರಸಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಯಲ್ಲಾಪುರ ಸೇರಿದೆ. ಅಂದಿನಿಂದ ಬೆಳಗ್ಗೆ ಬರುವುದು, ಸಂಜೆ ಹೋಗುವುದು. ಸಂಜೆ ಬಸ್ಸಿಗೆ ಕಾಯುವಾಗ ಅವರ ಗಾಜಿನ ಕೋಣೆಯ ಕಿಟಕಿಯ ಹತ್ತಿರ ನಿಂತು ಮಾತಾಡುವುದು ಅಭ್ಯಾಸವಾಯಿತು.

ಅವರ ಬಾಯಲ್ಲಿ ದಿನವೂ ಕೇಳುತ್ತಿದ್ದ ಮಾತೆಂದರೆ ‘ಹಿಂದೆ ಇನ್ನೊಂದು ಬಸ್ಸಿದೆ’. ಮದುವೆ ಮುಹೂರ್ತಗಳ ದಿನ, ಸೋಮವಾರದ ಬೆಳಗ್ಗೆ, ಬಸ್ಸಿನ ಬಾಗಿಲಲ್ಲಿ ಜನ ಜೋತು ಬಿದ್ದಾಗ ಅವರು ಮೈಕಿನಲ್ಲಿ ಹೇಳುತ್ತಿದ್ದರು: ‘ನೂಕಬೇಡಿ, ಹಿಂದೆ ಇನ್ನೊಂದು ಬಸ್ಸಿದೆ, ಖಾಲಿ ಇದೆ.’ ಕೆಲವು ಸಲ ಇರುತ್ತಿತ್ತು. ಬಹಳ ಸಲ ಇರುತ್ತಿರಲಿಲ್ಲ.

“ಸುಳ್ಳು ಹೇಳಿದ್ರೆ ಜನ ನಂಬ್ತಾರಾ ಸರ್?” ಎಂದು ಒಮ್ಮೆ ಕೇಳಿದೆ.

“ಪೂರಾ ನಂಬೂದಿಲ್ಲ ತಂಗಿ. ಇದ್ರೂ ಇರಬಹುದು ಅಂತ ಒಂದು ಕಾಲು ಕೆಳಗೆ ಇಡ್ತಾರೆ ನೋಡು. ಅಷ್ಟು ಸಾಕು ನಮಗೆ, ಬಾಗಿಲು ಹಾಕೂಕೆ.”

ಆ ಮಾತನ್ನು ಅವರು ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ.

ಅವರಿಗೆ ಮದುವೆಯಾಗಿರಲಿಲ್ಲ. ಹೆಣ್ಣು ಸಿಗದೆ ಉಳಿಯುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಸಿದ್ದಾಪುರ ತಾಲೂಕಿನ ದೊಡ್ಮನೆಯ ಹತ್ತಿರ ಅವರ ಅಕ್ಕನ ಮನೆ. ವಯಸ್ಸಿನಲ್ಲಿ ಅವರ ಜಾತಕ ಬಹಳ ಕಡೆ ತಿರುಗಿ ವಾಪಸು ಬಂದಿತ್ತಂತೆ. ಹೆಣ್ಣಿನ ಮನೆಯವರು ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ‘ಕೂಡಿ ಬರ್ತಾ ಇಲ್ಲ’ ಎನ್ನುತ್ತಾರೆ. ಐವತ್ತು ದಾಟಿದ ಮೇಲೆ ಅಕ್ಕನೂ ಸುಮ್ಮನಾದಳು. ಇವರೂ ಸುಮ್ಮನಿದ್ದರು. ಬಾಡಿಗೆ ಕೋಣೆ, ಕೈ ಅಡಿಗೆ, ಎರಡು ಜೊತೆ ಖಾಕಿ. ಅವರನ್ನು ನೋಡಿ ಪಾಪ ಅನ್ನಿಸುವಂಥದ್ದು ಏನೂ ಇರಲಿಲ್ಲ.

ಹುಬ್ಬಳ್ಳಿ ರೂಟಿನ ಕಂಡಕ್ಟರನೊಬ್ಬ ತಮಾಷೆಗೆಂದು ಅವರ ಫೋನಿನಲ್ಲಿ ಡೇಟಿಂಗ್ ಆ್ಯಪ್ ಹಾಕಿಕೊಟ್ಟದ್ದು ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ.

“ಎಂತದೋ ಹಾಕಿ ಕೊಟ್ಟಿದಾನೆ ನೋಡು ಮಾರಾಯ್ತಿ,” ಎಂದು ಕಿಟಕಿಯಿಂದ ಫೋನು ಚಾಚಿದರು. “ನನ್ನ ಬಗ್ಗೆ ನಾಕು ಸಾಲು ಬರೀಬೇಕಂತೆ. ನಂಗೆ ಬಸ್ಸಿನ ಹೆಸರು ಬಿಟ್ಟು ಬೇರೆ ಬರೆದು ಗೊತ್ತಿಲ್ಲೆ. ನೀ ಡಿಗ್ರಿಯವಳು, ಬರೆದು ಕೊಡು.”

ನಾನು ಅಲ್ಲೇ ನಿಂತು ಬರೆದುಕೊಟ್ಟೆ: ‘ಬಸ್ಸು ಬಿಡುವುದು ನನ್ನ ಉದ್ಯೋಗ. ಓಡಿ ಬರುವವರನ್ನು ಬಿಟ್ಟು ಬಸ್ಸು ಬಿಟ್ಟವನಲ್ಲ.’ ಅವರು ಎರಡು ಸಲ ಓದಿಕೊಂಡರು. “ಹೌದನೇ,” ಎಂದರು. ಅವರ ಕಿವಿ ಕೆಂಪಾಗಿತ್ತು.

ಗೊತ್ತಿಲ್ಲದವರಿಗೆ ಈ ಆ್ಯಪಿನ ರೀತಿ ಹೇಳಬೇಕು. ಒಂದೊಂದೇ ಮುಖ ತೆರೆಯ ಮೇಲೆ ಬರುತ್ತದೆ. ಬೇಡ ಅನ್ನಿಸಿದರೆ ಹೆಬ್ಬೆರಳಿನಿಂದ ಎಡಕ್ಕೆ ತಳ್ಳಬೇಕು, ಇಷ್ಟವಾದರೆ ಬಲಕ್ಕೆ. ಆ ಕಡೆಯವರೂ ಬಲಕ್ಕೆ ತಳ್ಳಿದ್ದರೆ ಮಾತಾಡಬಹುದು. ಒಂದು ಮುಖ ಹೋದ ಕೂಡಲೇ ಇನ್ನೊಂದು ಬಂದು ಕೂರುತ್ತದೆ, ನೀವು ಕರೆಯಬೇಕೆಂದಿಲ್ಲ. ಮುಖದ ಕೆಳಗೆ ಇಷ್ಟು ಕಿಲೋಮೀಟರು ದೂರ ಎಂದು ಬರೆದಿರುತ್ತದೆ.

ಆ ಕಿಲೋಮೀಟರು ನೋಡಿ ಕಂಟ್ರೋಲರ್ ಖುಷಿಯಾಗಿಬಿಟ್ಟರು. ಅವರಿಗೆ ಗೊತ್ತಿದ್ದ ಭಾಷೆ ಅದೊಂದೇ. “ಇವಳು ಆಗ ಹತ್ತರಲ್ಲಿ ಇದ್ಲು, ಈಗ ಮೂವತ್ತು ಅಂತ ತೋರಿಸ್ತು. ಕುಮಟಾ ಬಸ್ಸು. ಘಟ್ಟ ಇಳೀತಾ ಇದ್ದಾಳೆ,” ಎನ್ನುತ್ತಿದ್ದರು. “ಮುಂದಿನ ಸೀಟಲ್ಲಿ ಕೂರ್ಬೇಕಿತ್ತು, ಹಿಂದೆ ಕೂತ್ರೆ ವಾಂತಿ.” ಯಾರೋ ಗುರುತಿಲ್ಲದ ಹೆಂಗಸು ಘಟ್ಟದಲ್ಲಿ ವಾಂತಿ ಮಾಡಿಕೊಂಡಾಳು ಎಂಬ ಚಿಂತೆ ಅವರಿಗೆ.

ಮೊದಲ ವಾರ ಫೋನು ಬಹಳ ಸದ್ದು ಮಾಡಿತು. ಯಾರು ಯಾರೋ ಇಷ್ಟಪಟ್ಟರು. ಇಷ್ಟಪಟ್ಟವರ ಮುಖ ಮಂಜು ಹಿಡಿದ ಗಾಜಿನ ಹಿಂದಿದ್ದ ಹಾಗೆ ಕಾಣುತ್ತದೆ, ದುಡ್ಡು ಕಟ್ಟಿದರೆ ಗಾಜು ಒರೆಸಿ ತೋರಿಸುತ್ತಾರೆ. ಎರಡನೆಯ ವಾರ ಸದ್ದು ಕಡಿಮೆಯಾಯಿತು. ಮೂರನೆಯ ವಾರ ನಿಂತೇ ಹೋಯಿತು.

“ನನ್ನಲ್ಲಿ ಎಂತ ಕಮ್ಮಿ ಆತು ತಂಗಿ?” ಎಂದು ಕೇಳಿದರು. “ಫೋಟೋ ಅದೇ, ನೀ ಬರೆದದ್ದು ಅದೇ, ನಾನೂ ಅದೇ.”

“ಹೊಸ ರೂಟಿಗೆ ಬಸ್ ಬಿಟ್ಟಾಗ ಮೊದಲನೇ ದಿನ ಮಾಲೆ ಹಾಕ್ತಾರಲ್ರಿ ಸರ್, ಹಂಗ. ಹೊಸಬರನ್ನ ಎಲ್ಲರ ಮುಂದ ತೋರಿಸ್ತಾರ. ರುಚಿ ಹತ್ತಿದ ಮೇಲೆ ಹಿಂದ ಹಾಕ್ತಾರ.”

“ಹಂಗಾದ್ರೆ ಇದು ನನ್ನ ತಪ್ಪಲ್ಲ ಅಂತೀಯ.”

“ಅಲ್ರಿ.”

ಅವರು ತಲೆ ಅಲ್ಲಾಡಿಸಿದರು. ಆದರೆ ಮರುದಿನ ತಲೆಗೆ ಕಪ್ಪು ಬಳಿದುಕೊಂಡು ಬಂದರು. ನಿಂತ ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಗಾಜಿನ ಕೋಣೆಯ ಮುಂದೆ ನಿಂತು, ಹೊಸ ಫೋಟೋ ತೆಗೆಸಿಕೊಂಡರು. ಅದನ್ನು ಹಾಕಿದ ಮೇಲೆ ಎರಡು ದಿನ ಫೋನು ಸದ್ದು ಮಾಡಿತು. ಮತ್ತೆ ನಿಂತಿತು. ಹಾಳಾಗಲಿ ಎಂದು ಫೋನನ್ನು ಡ್ರಾವರಿನಲ್ಲಿ ಹಾಕಿದರೆ, ಸರಿಯಾಗಿ ಆಗಲೇ ಡ್ರಾವರಿನೊಳಗಿಂದ ಗುಂಯ್ ಅನ್ನುತ್ತಿತ್ತು: ‘ನಿಮ್ಮನ್ನು ಯಾರೋ ಇಷ್ಟಪಟ್ಟಿದ್ದಾರೆ.’

ಶನಿವಾರ ಬಂತೆಂದರೆ ಬೇರೆಯೇ ಕತೆ. ಜಲಪಾತ ನೋಡಲು ಹುಬ್ಬಳ್ಳಿಯವರು, ಬೆಂಗಳೂರಿನವರು ಕಾರು ಮಾಡಿಕೊಂಡು ಬರುತ್ತಾರಲ್ಲ, ಅವರೊಂದಿಗೆ ಅವರ ಫೋನುಗಳೂ ಬರುತ್ತವೆ. ವಾರವಿಡೀ ‘ನಿಮ್ಮ ಹತ್ತಿರ ಹೊಸಬರು ಯಾರೂ ಇಲ್ಲ, ದೂರ ಹೆಚ್ಚಿಸಿ’ ಎನ್ನುತ್ತಿದ್ದ ಆ್ಯಪು ಶನಿವಾರ ಸಂತೆಯಾಗುತ್ತಿತ್ತು. ಸೋಮವಾರ ಬೆಳಗ್ಗೆ ಎಲ್ಲರೂ ನೂರು, ನಾನೂರು ಕಿಲೋಮೀಟರು ದೂರ. ಕೆಲವರು ಮಾತು ಶುರು ಮಾಡಿ ನಡುವೆಯೇ ಮಾಯವಾಗುತ್ತಿದ್ದರು. ಆಡಿದ ಮಾತುಗಳ ಸಮೇತ ಅಳಿಸಿ ಹೋಗುತ್ತಿದ್ದರು. “ಟಿಕೆಟ್ ತಗೊಂಡ ಪ್ಯಾಸೆಂಜರು ಓಡೋ ಬಸ್ಸಿಂದ್ಲೇ ಕಾಣೆ,” ಎಂದರು ಒಂದು ಸಲ. “ಇಳಿದದ್ದೂ ಗೊತ್ತಿಲ್ಲೆ, ಯಾಕೆ ಅಂತನೂ ಗೊತ್ತಿಲ್ಲೆ.” ಆ ವಾರ ಅವರು ಮೈಕಿನಲ್ಲಿ ಬಸ್ಸುಗಳ ಹೆಸರು ಬಿಟ್ಟು ಬೇರೊಂದು ಮಾತು ಆಡಲಿಲ್ಲ. ವಾನಳ್ಳಿಯವರಿಗೆ ಚಹಾ ಬೇಗ ಮುಗಿಸಿ ಎನ್ನುವವರೂ ಇರಲಿಲ್ಲ.

ಅವರ ಹೆಬ್ಬೆರಳಿಗೆ ಒಂದು ಅಭ್ಯಾಸ ಹತ್ತಿತು. ಕೈಯಲ್ಲಿ ಫೋನಿಲ್ಲದಾಗಲೂ ಅದು ಮೇಜಿನ ಮೇಲೆ, ಚಹಾದ ಲೋಟದ ಮೇಲೆ ಎಡಕ್ಕೆ, ಎಡಕ್ಕೆ ಸರಿಯುತ್ತಿತ್ತು. ಅಕ್ಕ ದೊಡ್ಮನೆಯಿಂದ ಫೋನು ಮಾಡಿದರೆ “ಆನು ಆಮೇಲೆ ಮಾಡ್ತೆ” ಎಂದು ಇಟ್ಟುಬಿಡುತ್ತಿದ್ದರು. ಒಂದು ಸಂಜೆ ಹುಬ್ಬಳ್ಳಿಯ ಬಸ್ಸನ್ನು ಸಿದ್ದಾಪುರ ಎಂದು ಕೂಗಿದ್ದರಿಂದ ಒಂದು ಮದುವೆ ದಿಬ್ಬಣ ಪೂರಾ ಗಂಟುಮೂಟೆ ಸಮೇತ ತಪ್ಪು ಬಸ್ಸು ಹತ್ತಿತು. ದಿಬ್ಬಣದ ಹಿರಿಯರೊಬ್ಬರು ಕಿಟಕಿಗೆ ಬಂದು, “ಹೆಣ್ಣು ಸಿದ್ದಾಪುರದ್ದು ಸ್ವಾಮಿ, ನಿಮಗೆ ಹುಬ್ಬಳ್ಳಿದು ಬೇಕಿದ್ರೆ ಬೇರೆ ನೋಡ್ಕಳಿ,” ಎಂದರು. ನಿಲ್ದಾಣವೆಲ್ಲ ನಕ್ಕಿತು. ಇವರು ಮಾತ್ರ ನಗಲಿಲ್ಲ.

ನಾನು ಒಂದು ದಿನ ನೇರವಾಗಿ ಹೇಳಿದೆ. ಓದಿದವಳೆಂಬ ಧೈರ್ಯದಿಂದ ಹೇಳಿದೆ ಎಂದರೂ ಸರಿ. “ಸರ್, ಆ ಆ್ಯಪ್ ಮಾಡಿದವರಿಗೆ ನಿಮ್ಮ ಜೋಡಿ ಆಗೂದು ಬೇಕಾಗಿಲ್ರಿ. ಜೋಡಿಯಾದ್ರ ಇಬ್ಬರೂ ಆ್ಯಪ್ ಬಿಟ್ಟು ಹೋಗ್ತೀರಿ. ಇಲ್ಲಿ ಚಾದಂಗಡಿಯವ್ನಿಗೆ ಬಸ್ ಲೇಟಾದಷ್ಟು ಲಾಭ ಅಲ್ರಿ? ಹಂಗ ಇದು.”

“ಗೊತ್ತು ತಂಗಿ,” ಎಂದರು. “ಈ ಮೈಕಲ್ಲಿ ಅದೇ ಸುಳ್ಳು ಹೇಳ್ತಾ ಇಷ್ಟು ವರ್ಷ ಆತು ನಂಗೆ. ಗೊತ್ತಿದ್ರೆ ಎಂತ ಆತು? ಜನಕ್ಕೂ ಗೊತ್ತಿತ್ತು. ಕಾಲು ಕೆಳಗೆ ಇಡ್ತಿದ್ರಲ್ಲ.”

ಇಷ್ಟರ ನಡುವೆಯೇ ಅವರಿಗೆ ಒಬ್ಬರು ಸಿಕ್ಕಿದರು.

ಯಲ್ಲಾಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಯಿದೆ. ನಡೆಸುವವರು ಕಿರವತ್ತಿ ಕಡೆಯವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ, ಕಂಟ್ರೋಲರಿಗಿಂತ ಆರೇಳು ವರ್ಷ ಚಿಕ್ಕವರು. ನನ್ನ ಬ್ಲೌಸೆಲ್ಲ ಹೊಲಿಯುವುದು ಅವರೇ. ಹುಬ್ಬಳ್ಳಿಯಲ್ಲಿ ಓದುವ ತಂಗಿಯ ಮಗಳು ರಜೆಗೆ ಬಂದವಳು ‘ಸುಮ್ನ ಒಬ್ಬಾಕೀ ಕೂತಿರ್ತಿ ದೊಡ್ಡವ್ವ’ ಎಂದು ಅವರ ಫೋನಿಗೂ ಅದೇ ಆ್ಯಪನ್ನು ಹಾಕಿದ್ದಳು. ಮುಖ ತೋರಿಸಲು ನಾಚಿಕೆಯಾಗಿ ಅವರು ತಮ್ಮ ಹೊಲಿಗೆ ಯಂತ್ರದ ಫೋಟೋ ಹಾಕಿದ್ದರು. ಎಲ್ಲರೂ ಎಡಕ್ಕೆ ತಳ್ಳಿರಬೇಕು. ಕಂಟ್ರೋಲರ್ ಮಾತ್ರ ಬಲಕ್ಕೆ ತಳ್ಳಿದರು. ಕಾರಣ ಕೇಳಿದರೆ, “ಮಿಶಿನು ಚೊಕ್ಕ ಇಟ್ಟಿದ್ರು, ಎಣ್ಣೆ ಹಾಕಿದ್ದು ಕಾಣ್ತಿತ್ತು,” ಎಂದರು. ಆಕೆಗೆ ಇಷ್ಟವಾದದ್ದು ಓಡಿ ಬರುವವರನ್ನು ಬಿಟ್ಟು ಬಸ್ಸು ಬಿಟ್ಟವನಲ್ಲ ಎಂಬ ಸಾಲು.

ಇಬ್ಬರೂ ನನಗೆ ಗೊತ್ತಿದ್ದವರು ಎಂದು ತಿಳಿದದ್ದು ಆಮೇಲೆ. ಅಳತೆ ಕೊಡಲು ಹೋದಾಗ ಆಕೆಯೇ ಕೇಳಿದರು: “ಮೇಡಮ್ಮಾರ, ಶಿರಸಿ ಸ್ಟ್ಯಾಂಡಿನಾಗ ಕಂಟ್ರೋಲರ್ ಒಬ್ರು ಅದಾರಲ್ರಿ, ಹೆಂಗದಾರ?”

“ಒಳ್ಳೇವ್ರು ಅದಾರ್ರಿ. ನೀವು ಹೆಂಗ ಬಲ್ಲಿರಿ ಅವ್ರನ್ನ?”

ಆಕೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಕ್ಕರು. ಆ್ಯಪನ್ನು ಆಗಲೇ ತೆಗೆದುಹಾಕಿದ್ದರಂತೆ. “ಒಬ್ರ ಕೂಡ ಮಾತಾಡಾಕ ಹತ್ತಿದ ಮ್ಯಾಲೆ ಅದು ಎದಕ್ರಿ? ಒಂದು ಬಟ್ಟಿ ಕತ್ತರಿಸೂ ಮುಂದ ನಾ ಮೇಜಿನ ಮ್ಯಾಲೆ ಇನ್ನೊಂದು ಹಾಸೂದಿಲ್ಲ. ಗಿರಾಕಿ ಹಂಗ ಮಾಡ್ತಾರ್ರಿ, ಫೋನಿನಾಗ ನೂರು ಡಿಸೈನ್ ತೋರಸ್ತಾರ, ಕಡೀಕೆ ಹಳೇ ಬ್ಲೌಸ್ ಕೊಟ್ಟು ಇದರಂಗ ಹೊಲೀರಿ ಅಂತಾರ. ನಾ ಹಂಗಲ್ಲ.”

ಇವರಿಬ್ಬರೂ ಮೂರು ಸಲ ಭೇಟಿಯಾದರು. ಆಕೆ ಶಿರಸಿಗೆ ಲೈನಿಂಗ್ ಬಟ್ಟೆ, ದಾರ ತರಲು ಬರುತ್ತಿದ್ದರು. ಕಂಟ್ರೋಲರ್ ಬಿಡುವು ಮಾಡಿಕೊಂಡು ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಸಿಗುತ್ತಿದ್ದರು. ಮೊದಲ ಸಲ ಬಂದು ಹೋದ ಮೇಲೆ ಅವರು ಮೈಕಿನಲ್ಲಿ ಯಲ್ಲಾಪುರ ಎಂಬ ಹೆಸರನ್ನು ಎಂದಿಗಿಂತ ನಿಧಾನವಾಗಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಅಂಗಿಗೆ ಇಸ್ತ್ರಿ ಬಂತು. ಅಕ್ಕನಿಗೆ ತಾವಾಗಿ ಫೋನು ಮಾಡಿದರು.

“ಎಂತ ಸರ್, ಮದುವೆ ಊಟ ಯಾವಾಗ?” ಎಂದು ಕೇಳಿದೆ.

“ಆಗ್ತದೆ, ಆಗ್ತದೆ,” ಎಂದರು. ಹೆಬ್ಬೆರಳು ಮೇಜಿನ ಮೇಲೆ ಸರಿಯುತ್ತಿತ್ತು. ಅವರು ಆ್ಯಪನ್ನು ತೆಗೆದುಹಾಕಿರಲಿಲ್ಲ.

ಯಾಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು ಹೀಗೆ: “ಅವರು ಒಳ್ಳೇವರು ತಂಗಿ. ಅದ್ರಲ್ಲಿ ಮಾತೇ ಇಲ್ಲೆ. ಬೇರೆ ಯಾರೂ ಬೇಕು ಅಂತಲೂ ಇಲ್ಲೆ. ಆದ್ರೆ ಇದು ಗುಂಯ್ ಅಂದಾಗ ಯಾರು ಅಂತ ನೋಡದೆ ಇದ್ರೆ ಒಳಗೆ ಕೆರೀತದೆ. ನೋಡಿದ್ರೆ ಎಂತ ಇರೂದಿಲ್ಲ. ಇರೂದಿಲ್ಲ ಅಂತ ನೋಡಿ ಮುಗಿಸಬೇಕು, ಅಷ್ಟೇ.”

ಊಟದ ತಟ್ಟೆಯ ಪಕ್ಕದಲ್ಲಿಟ್ಟ ಫೋನು ಬೆಳಗಿದಾಗಲೆಲ್ಲ ಅವರ ಕಣ್ಣು ಅತ್ತ ಹೋಗುವುದನ್ನು ಆಕೆ ಮೊದಲ ಸಲವೇ ಕಂಡಿದ್ದರು. ಎರಡನೆಯ ಸಲ ಕೇಳಿದರು. ಇವರು ಡಿಪೋ ಫೋನು ಎಂದರು. ಆಕೆ ನಂಬಿದ ಹಾಗೆ ಮಾಡಿದರು.

ಮೂರನೆಯ ಸಲದ ಭೇಟಿ ಒಂದು ಶನಿವಾರ. ಆಕೆ ಆ ದಿನ ಸುತ್ತು ಬಳಸದೆ ಹೇಳಿದರು. ಹೇಳಿದ ಮಾತನ್ನು ಆಕೆಯೇ ಅದೇ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದ್ದರಿಂದ ಇಲ್ಲಿ ಬರೆಯಬಲ್ಲೆ: “ನಾ ಸಂಜೀ ಬಸ್ಸಿಗೆ ಹೋಗ್ತೀನ್ರಿ. ಅದು ಬಿಡೂದ್ರೊಳಗ ಹೂಂ ಅಂತಾದ್ರೂ ಹೇಳ್ರಿ, ಉಹೂಂ ಅಂತಾದ್ರೂ ಹೇಳ್ರಿ. ಹೇಳದಿದ್ರ ಉಹೂಂ ಅಂತ ತಿಳಕೋತೀನಿ. ಇನ್ನೊಮ್ಮೆ ಕೇಳೂದಿಲ್ಲ.”

ನಮ್ಮ ಬಸ್ಸು ಗಾಜಿನ ಕೋಣೆಯ ನೇರ ಎದುರಿಗೆ ನಿಂತಿತ್ತು. ಆಕೆ ಕಿಟಕಿಯ ಪಕ್ಕ, ನಾನು ಈಚೆ. ಆಕೆಯ ಮಡಿಲಲ್ಲಿ ಬಟ್ಟೆಯ ಗಂಟು. ಬಸ್ಸು ಬಿಡುವುದರೊಳಗೆ ಕಂಟ್ರೋಲರ್ ಒಂದು ಮಾತು ಹೇಳಬೇಕಿದೆ ಎಂದಷ್ಟೇ ಆಕೆ ನನಗೆ ಹೇಳಿದ್ದರು. ಕೋಣೆಯೊಳಗೆ ಅವರು ತಲೆ ತಗ್ಗಿಸಿ ಕೂತಿದ್ದು ಕಾಣುತ್ತಿತ್ತು. ಹೊರಡುವ ಹೊತ್ತಾಯಿತು. ಬಸ್ಸು ಹೊರಡಲಿಲ್ಲ.

ಕಂಡಕ್ಟರು ಹಾಳೆ ಹಿಡಿದು ಹೋಗಿ ವಾಪಸು ಬಂದ. “ಸಾಹೇಬ್ರು ಮೊಬೈಲ್ ನೋಡ್ತಾ ಕೂತಿದಾರೆ. ಸ್ವಲ್ಪ ತಡೆ ಅಂದ್ರು.”

“ಮೊಬೈಲ್ ಮನೀಗ್ ಹೋಗಿ ನೋಡ್ಲಿಕ್ ಹೇಳು ಮಾರಾಯ,” ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. “ಮಂಚಿಕೇರಿಯಲ್ಲಿ ನನ್ನ ಎಮ್ಮೆ ಕಾಯ್ತಾ ಉಂಟು.”

ನನ್ನ ಪರೀಕ್ಷೆಯ ದಿನ ಸಿದ್ದಾಪುರದ ಬಸ್ಸು ಎಷ್ಟು ಹೊತ್ತು ನಿಂತಿತ್ತೋ ಅಷ್ಟು ಹೊತ್ತು ಆ ಬಸ್ಸೂ ನಿಂತಿತು. ನನಗೆ ಸಮಾಧಾನವೇ ಆಗುತ್ತಿತ್ತು. ಬಸ್ಸು ನಿಲ್ಲಿಸಿದ್ದಾರೆ ಎಂದರೆ ಬರುತ್ತಾರೆ.

ಬಂದರು. ಸಹಿ ಹಾಕಿದ ಹಾಳೆ ಎಡಗೈಯಲ್ಲಿ. ನೇರವಾಗಿ ನಮ್ಮ ಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು, ತಲೆ ಎತ್ತಿ ಆಕೆಯ ಮುಖ ನೋಡಿದರು. ಬಾಯಿ ತೆರೆದರು. ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಖಾಕಿಯೊಳಗಿಂದ ಬೆಳಕು ಕಂಡಿತು. ಕೈ ಜೇಬಿಗೆ ಹೋಯಿತು. ಅವರು ಬೇಕೆಂದು ಮಾಡಿದ್ದಲ್ಲ ಅದು, ಕೈ ತಾನೇ ಹೋಯಿತು. ಫೋನು ತೆಗೆದು ನೋಡಿದರು. ಮತ್ತೆ ತಲೆ ಎತ್ತಿದಾಗ ಆಕೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಯಾಗಿತ್ತು.

ಅವರು ಕಾಲನ್ನು ಕೆಳಗಿಟ್ಟರು. ಹಾಳೆಯನ್ನು ಕಂಡಕ್ಟರನಿಗೆ ಕೊಟ್ಟರು. ಬಸ್ಸಿನ ಮೈಗೆ ಎರಡು ಪೆಟ್ಟು ಬಿತ್ತು. ಒಳಗೆ ಕೂತವರಿಗೆ ಆ ಸದ್ದು ಹೇಗೆ ಕೇಳುತ್ತದೆಂದು ಅದುವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಬಸ್ಸು ಊರು ದಾಟಿದ ಮೇಲೆ ಆಕೆ ಮಾತಾಡಿದರು. ಖಾನಾವಳಿಯಲ್ಲಿ ಏನೇನು ಹೇಳಿದೆ ಎಂಬುದನ್ನೆಲ್ಲ ಹೇಳಿದರು. ಅತ್ತದ್ದು ನಾನು, ಆಕೆಯಲ್ಲ. ಕೊನೆಗೆ, “ಅವ್ರು ಬಸ್ ಹತ್ತೋ ಪೈಕಿ ಅಲ್ರಿ ಮೇಡಮ್ಮಾರ, ಬಿಡೋ ಪೈಕಿ,” ಎಂದು ಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡರು.

ಸೋಮವಾರ ನಾನು ಕಿಟಕಿಯ ಹತ್ತಿರ ಹೋದಾಗ ಕಂಟ್ರೋಲರ್ ತಾವಾಗಿಯೇ ಹೇಳಿದರು. ಆ ದಿನ ಇಷ್ಟಪಟ್ಟವರ ಮುಖವನ್ನು ದುಡ್ಡು ಕಟ್ಟಿ ತೆಗೆಸಿದರಂತೆ. ಜಲಪಾತಕ್ಕೆ ಬಂದ ಬೆಂಗಳೂರಿನ ಯಾರೋ ಹುಡುಗಿ, ಅವರ ಅರ್ಧ ವಯಸ್ಸಿನವಳು, ಕೈ ತಪ್ಪಿ ತಳ್ಳಿರಬೇಕು. ಭಾನುವಾರ ಸಂಜೆಗೆ ನಾನೂರು ಕಿಲೋಮೀಟರು.

“ಯಲ್ಲಾಪುರಕ್ಕೆ ಹೋಗಿ ಮಾತಾಡ್ರಿ ಸರ್,” ಎಂದೆ.

“ಇನ್ನೊಮ್ಮೆ ಕೇಳೂದಿಲ್ಲ ಅಂದಿದಾರೆ.”

“ಅವ್ರು ಕೇಳೂದಿಲ್ಲ ಅಂದಾರ. ನೀವು ಕೇಳಬಾರದು ಅಂತ ಅಂದಿಲ್ಲ.”

ಅವರು ಮೈಕಿಗೆ ಬೆರಳು ಕುಟ್ಟಿದರು. ಹೋಗಲಿಲ್ಲ.

ಆ್ಯಪು ಬಿಡುವುದಕ್ಕೆ ಅವರಿಗೆ ಇನ್ನೂ ಬಹಳ ದಿನ ಹಿಡಿಯಿತು. ಬೀಡಿ ಬಿಟ್ಟ ಹಾಗೆ, ಬಿಡುವುದು ಸುಲಭ, ಎಷ್ಟೋ ಸಲ ಬಿಟ್ಟಿದ್ದೆ ಎನ್ನುತ್ತಿದ್ದರು. ತೆಗೆದು ಹಾಕಿ ಮತ್ತೆ ಹಾಕಿಕೊಂಡರೆ ಹೊಸಬರೆಂದು ಮತ್ತೆ ಮೊದಲ ವಾರದ ಮಾಲೆ ಮರ್ಯಾದೆ. ಆ ಒಂದು ವಾರಕ್ಕಾಗಿ ಮತ್ತೆ ಮತ್ತೆ ಹಾಕಿಕೊಂಡರು. ಕೊನೆಗೆ ಹೇಗೆ ಬಿಟ್ಟರೋ ನನಗೆ ಗೊತ್ತಿಲ್ಲ. ಒಂದು ದಿನ ನೋಡಿದರೆ ಹೆಬ್ಬೆರಳು ಲೋಟದ ಮೇಲೆ ಸುಮ್ಮನೆ ಕೂತಿತ್ತು. ತಲೆಯ ಬಣ್ಣವೂ ಹೋಗಿ ಬೆಳ್ಳಗಾಗಿತ್ತು.

ಆದರೆ ಒಂದು ಬದಲಾವಣೆ ಎಲ್ಲರಿಗೂ ಕಂಡಿತು. ಅವರು ಆ ಹಳೆಯ ಮಾತನ್ನು ಹೇಳುವುದು ಬಿಟ್ಟರು. ಎಷ್ಟೇ ಜನ ಜೋತು ಬಿದ್ದಿರಲಿ, ಮೈಕಿನಲ್ಲಿ “ಹಿಂದೆ ಬೇರೆ ಬಸ್ಸಿಲ್ಲ, ಹತ್ತಿಕೊಳ್ಳಿ” ಎನ್ನುವರು. ನಿಜವಾಗಿ ಹಿಂದೆ ಖಾಲಿ ಬಸ್ಸು ನಿಂತಿದ್ದರೂ ಅದನ್ನೇ ಹೇಳುವರು. ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದರಲ್ಲಿ ನೊಣ ಹೊಡೆಯುವ ಪರಿಸ್ಥಿತಿ. ಡ್ರೈವರುಗಳು ದೂರು ಕೊಟ್ಟರು. ಅವರಿಗೆ ಮೆಮೋ ಬಂತು. ಕಿಟಕಿಯಲ್ಲಿ ನನಗೆ ತೋರಿಸಿ, “ಸುಳ್ಳು ಹೇಳಿದಾಗ ಯಾರೂ ಮೆಮೋ ಕೊಡ್ಲಿಲ್ಲ ನೋಡು,” ಎಂದು ನಕ್ಕರು.

“ಇದೂ ಸುಳ್ಳೇ ಅಲ್ರಿ ಸರ್?”

“ಹೌದು. ಆದ್ರೆ ಈ ಸುಳ್ಳಿಗೆ ಜನ ಬಸ್ ಹತ್ತತಾರೆ.”

ನಿವೃತ್ತಿಯ ದಿನ ಸಣ್ಣ ಸಮಾರಂಭವಿತ್ತು. ಶಾಲು, ಹಣ್ಣಿನ ಬುಟ್ಟಿ. ಮಾತಾಡಿದವರೆಲ್ಲ ಅವರ ಸಮಯಪಾಲನೆಯನ್ನು ಹೊಗಳಿದರು. ನನಗೆ ನಗು ಬಂತು. ಈ ಊರಿನಲ್ಲಿ ನನ್ನಂಥ ಎಷ್ಟೋ ಮಂದಿ ಪಾಸಾದದ್ದು ಅವರು ಸಮಯ ಪಾಲಿಸದೇ ಇದ್ದದ್ದರಿಂದ.

ಸಂಜೆ ನಾನು ಯಲ್ಲಾಪುರದ ಬಸ್ಸಿನಲ್ಲಿ ಕೂತಿದ್ದೆ. ಶಾಲಿನ ಚೀಲ ಹಿಡಿದುಕೊಂಡು ಕಂಟ್ರೋಲರ್ ಬಸ್ಸು ಹತ್ತಿದರು. ಅಷ್ಟು ವರ್ಷಗಳಲ್ಲಿ ಅವರು ಬಸ್ಸಿನೊಳಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಂಡಕ್ಟರು ದುಡ್ಡು ಬೇಡವೆಂದ.

“ಕೊಡು ಮಾರಾಯ. ಇವತ್ತಿಂದ ನಾನೂ ಪ್ಯಾಸೆಂಜರು.”

“ಎಲ್ಲಿಗೆ ಸಾಹೇಬ್ರೆ?”

“ಯಲ್ಲಾಪುರ.”

ಹೊಸ ಕಂಟ್ರೋಲರ್ ಸಹಿ ಹಾಕಿ ಸುಮ್ಮನೆ ನಿಂತರು, ಬಸ್ಸಿಗೆ ತಟ್ಟಲಿಲ್ಲ. ಇವರು ಕಿಟಕಿಯಿಂದ ಕೈ ಹೊರಗೆ ಹಾಕಿ ತಾವೇ ಎರಡು ಪೆಟ್ಟು ಕೊಟ್ಟರು. ದಾರಿಯಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು: “ಹೊಲಿಗೆ ಅಂಗಡಿ ಎಷ್ಟೊತ್ತಿನ ತನಕ ತೆಗೆದಿರ್ತದೆ?” ಈಗಲೇ ಹೋದರೆ ಸಿಗುತ್ತಾರೆ ಎಂದೆ. ಯಲ್ಲಾಪುರದಲ್ಲಿ ಇಳಿದು ಅವರು ಅತ್ತ ಹೋದರು. ನಾನು ಮನೆಗೆ ಹೋದೆ. ಹಿಂದಿನಿಂದ ಹೋಗಿ ನೋಡಬೇಕೆನ್ನಿಸಿತು, ಹೋಗಲಿಲ್ಲ.

ಮರುದಿನ ಬ್ಲೌಸು ತರುವ ನೆಪವಿತ್ತು. ಆಕೆ ನನ್ನದೇ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತಿದ್ದರು.

“ನಿಮ್ಮ ಕಂಟ್ರೋಲರ್ ಬಂದಿದ್ರು ನಿನ್ನೆ,” ಎಂದರು.

“ಏನಂದ್ರು?”

“ಶಿರಸಿಗೆ ವಾಪಸ್ ಹೋಗಾಕ ಕಡೀ ಬಸ್ ಯಾವಾಗೈತಿ ಅಂತ ಕೇಳಿದ್ರು. ಅವ್ರು, ನನ್ನ ಕೇಳ್ತಾರ್ರಿ ಅದನ್ನ.”

ಆಕೆ ಇನ್ನೊಂದು ಹುಕ್ಕಿಗೆ ಸೂಜಿ ಚುಚ್ಚಿದರು.

“ಚಾ ತರಿಸಿದೆ. ಕುಡದ್ರು. ಬಸ್ ಬಂತು, ಹತ್ತಿ ಹೋದ್ರು. ಹೋಗೂ ಮುಂದ ಅಂದ್ರು, ಅವತ್ತು ನಿಮ್ಮ ಸಲುವಾಗಿ ಬಸ್ ಬಾಳ ಹೊತ್ತು ನಿಲ್ಲಿಸಿದ್ದೆ ಅಂತ.”

“ನೀವೇನಂದ್ರಿ?”

ಆಕೆ ದಾರವನ್ನು ಹಲ್ಲಿನಿಂದ ಕಡಿದು, ಬ್ಲೌಸನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ಗೊತ್ತೈತ್ರಿ, ನಾ ಒಳಗ ಕೂತಿದ್ದೆ, ಅಂದೆ.”